ಬ್ಲಾಕ್ ತೆಗೆದ ಮೇಲೂ ಪಂಪಿಂಗ್ ಯಾಕೆ ಕಡಿಮೆ? – ಗುಂಪಿನ ಪ್ರಶ್ನೋತ್ತರ

ಮಂಜುನಾಥ್: ಮೇಡಂ, ಅಪ್ಪನಿಗೆ 58 ವರ್ಷ. ಎದೆನೋವು ಶುರುವಾಗಿ ಏಳು ಗಂಟೆ ಆದಮೇಲೆ ಸ್ಟೆಂಟ್ ಹಾಕಿದ್ರು. ಎಲ್‌ಎಡಿ (ಹೃದಯದ ಮುಂಭಾಗದ ಮುಖ್ಯ ನಾಳ) 100% ಬ್ಲಾಕ್ ಇತ್ತು. ರಿಪೋರ್ಟ್‌ನಲ್ಲಿ ‘ನೋ ರಿಫ್ಲೋ, ಟಿಮಿ 2’ ಅಂತಿದೆ. ನಾಲ್ಕನೇ ದಿನದ ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದ್ರೆ ಪ್ರತಿ ಮಿಡಿತಕ್ಕೆ ಹೃದಯ ಪಂಪ್ ಮಾಡೋ ರಕ್ತದ ಶೇಕಡಾ ಪ್ರಮಾಣ, 35. ಬ್ಲಾಕ್ ಹೋಯ್ತಲ್ಲ, ಮತ್ತೆ ಹೀಗ್ಯಾಕೆ?

ಡಾಕ್ಟರ್: ಸ್ಟೆಂಟ್ ತೆರೆಯುವುದು ಹೃದಯದ ಮೇಲ್ಮೈಯ ದೊಡ್ಡ ನಾಳವನ್ನು ಮಾತ್ರ. ಸ್ನಾಯುವಿಗೆ ರಕ್ತ ಮುಟ್ಟಿಸುವುದು ಅದರೊಳಗೆ ಹರಡಿದ ಸೂಕ್ಷ್ಮ ನಾಳಗಳು. ಗಂಟೆಗಟ್ಟಲೆ ರಕ್ತ ಸಿಗದಿದ್ದರೆ ಅವುಗಳ ಒಳಪದರ ಊದುತ್ತದೆ, ಸುತ್ತಲಿನ ಸ್ನಾಯು ಬಾತು ಹೊರಗಿನಿಂದ ಒತ್ತುತ್ತದೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್, ನಾಳ ಹಿಗ್ಗಿಸುವ ಬಲೂನಿಗೆ ಒಡೆದ ಹೆಪ್ಪಿನ ಚೂರು ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಇದೇ ನೋ ರಿಫ್ಲೋ. ಟಿಮಿ ಅನ್ನುವುದು ನಾಳದಲ್ಲಿ ರಕ್ತ ಹರಿಯುವುದಕ್ಕೆ ಕೊಡುವ ಅಂಕ. 0 ಅಂದರೆ ಹರಿವೇ ಇಲ್ಲ, 3 ಅಂದರೆ ಸಹಜ. 2 ಅಂದರೆ ಆಂಜಿಯೋಗ್ರಾಂನ ಡೈ ನಾಳದ ತುದಿ ಮುಟ್ಟುತ್ತದೆ, ಆದರೆ ತಡವಾಗಿ. 3 ಬಂದವರಲ್ಲೂ ಸೂಕ್ಷ್ಮ ನಾಳ ಮುಚ್ಚಿರಬಹುದು. ಹಾಗಾಗಿ ಇಸಿಜಿಯನ್ನೂ ನೋಡಬೇಕು: ಏರಿದ್ದ ಎಸ್‌ಟಿ (ಇಸಿಜಿ ಗೆರೆಯ ಒಂದು ಭಾಗ) 60–90 ನಿಮಿಷದಲ್ಲಿ ಅರ್ಧಕ್ಕಾದರೂ ಇಳಿಯಿತಾ?

ಪೂರ್ತಿ ಬ್ಲಾಕ್ ಆದರೆ ಅರ್ಧ ಗಂಟೆಯೊಳಗೇ ಸ್ನಾಯುವಿನ ಒಳಪದರ ಸಾಯತೊಡಗುತ್ತದೆ. ಮುಂದಿನ ಗಂಟೆಗಳಲ್ಲಿ ಸಾವು ಹೊರಪದರದ ಕಡೆ ಹಬ್ಬುತ್ತದೆ. ಸತ್ತದ್ದು ಗಾಯದ ಕಲೆಯಾಗುತ್ತದೆ, ಮರಳಿ ಬರುವುದಿಲ್ಲ. ಆದರೆ ಬದುಕಿದ್ದೂ ಮಂಕು ಬಡಿದು ಮಿಡಿಯದೆ ಕೂತ ಭಾಗ ಇರುತ್ತದೆ, ಅದು ದಿನಗಳಲ್ಲಿ, ವಾರಗಳಲ್ಲಿ ಎಚ್ಚೆತ್ತುಕೊಳ್ಳುತ್ತದೆ. ನಾಲ್ಕನೇ ದಿನದ 35ರಲ್ಲಿ ಎರಡೂ ಸೇರಿವೆ. ಆರು ವಾರಕ್ಕೆ ಒಂದು ಎಕೋ, ಮೂರು ತಿಂಗಳಿಗೆ ಇನ್ನೊಂದು. ಆಗಲೂ 35 ದಾಟದಿದ್ದರೆ ಐಸಿಡಿ (ಅಪಾಯದ ಮಿಡಿತ ಬಂದರೆ ಶಾಕ್ ಕೊಡಲು ದೇಹದೊಳಗೆ ಇಡುವ ಯಂತ್ರ) ಮಾತು. ನೋ ರಿಫ್ಲೋ ಇರುವುದರಿಂದ ಪೂರ್ತಿ ಚೇತರಿಕೆ ಆಗುತ್ತದೆ ಅಂತ ನಾನು ಹೇಳಲಾರೆ.

ಎಕೋದಲ್ಲಿ ಹೃದಯದ ತುದಿಯೊಳಗೆ ಹೆಪ್ಪು ಇದೆಯಾ ಕೇಳಿ, ಎಲ್‌ಎಡಿ ಅಟ್ಯಾಕ್‌ನಲ್ಲಿ ಅದು ಸಾಮಾನ್ಯ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು ತೂಕ ನೋಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ನೀರು ತುಂಬುತ್ತಿದೆ ಅಂತ, ಅವತ್ತೇ ತೋರಿಸಿ.

ಶೋಭಾ: ನಮ್ಮ ಮಾವನಿಗೂ ಸ್ಟೆಂಟ್ ಆಗಿದೆ, ಇಎಫ್ 40. ಎಕೋ ಯಾವಾಗ ಮಾಡಿಸ್ಬೇಕು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಪ್ರಕಾಶ್: ಸ್ಟೆಂಟ್ ಆದಮೇಲೆ ಬೈಕ್ ಯಾವಾಗ ಓಡಿಸಬಹುದು ಡಾಕ್ಟ್ರೇ?

ಬಸವರಾಜ: *ಫಾರ್ವರ್ಡ್* ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಎಂಥಾ ಬ್ಲಾಕ್ ಆದ್ರೂ ಕರಗುತ್ತೆ!! 🙏

ಡಾಕ್ಟರ್: ಮತ್ತೆ ಇದೇ. ಬ್ಲಾಕ್ ಅಂದರೆ ಪೈಪಿನೊಳಗೆ ಅಂಟಿದ ಜಿಡ್ಡಲ್ಲ. ಅದು ನಾಳದ ಗೋಡೆಯೊಳಗೇ ಕೊಬ್ಬು, ನಾರು, ಸುಣ್ಣ ಸೇರಿ ಬೆಳೆದದ್ದು. ಯಾವ ಕಷಾಯವೂ ಅದನ್ನು ತೊಳೆಯುವುದಿಲ್ಲ. ಹೆಪ್ಪುಗಟ್ಟದಂತೆ ಆಸ್ಪಿರಿನ್, ಟಿಕಾಗ್ರೆಲಾರ್ ಮಾತ್ರೆ ನುಂಗುವವರು ಬೆಳ್ಳುಳ್ಳಿ ರಸ ಲೋಟಗಟ್ಟಲೆ ಕುಡಿದರೆ ರಕ್ತಸ್ರಾವ ಹೆಚ್ಚಬಹುದು. ಒಗ್ಗರಣೆಗೆ ಹಾಕಿ, ಸಾಕು.

ಗಿರೀಶ್: ಸ್ಟೆಂಟೇ ದಂಧೆ. ದೇಹ ತಾನೇ ಪಕ್ಕದ ನಾಳ ಬೆಳೆಸ್ಕೊಂಡು ‘ನ್ಯಾಚುರಲ್ ಬೈಪಾಸ್’ ಮಾಡ್ಕೊಳ್ಳುತ್ತೆ.

ಸವಿತಾ (ಐಸಿಯು ನರ್ಸ್): ಬ್ಲಾಕ್ ತಿಂಗಳುಗಟ್ಟಲೆ ನಿಧಾನಕ್ಕೆ ಬೆಳೆದ್ರೆ ಪಕ್ಕದ ನಾಳ ಹಿಗ್ಗುತ್ತೆ, ನಿಜ. ಹೆಪ್ಪುಗಟ್ಟಿ ದಿಢೀರಂತ ಮುಚ್ಚಿದ್ರೆ ಅದಕ್ಕೆ ಟೈಮೆಲ್ಲಿ?

ಗಿರೀಶ್: 2020ರ ಇಸ್ಕೀಮಿಯಾ ಅಧ್ಯಯನ ಓದಿ. ಸ್ಟೆಂಟ್ ಹಾಕಿದ್ರೂ ಸಾವು ಕಡಿಮೆ ಆಗ್ಲಿಲ್ಲ.

ಸವಿತಾ: ಅದು ಸ್ಥಿರ ಎದೆನೋವಿನವರ ಮೇಲೆ ಮಾಡಿದ್ದು. ಅಟ್ಯಾಕ್ ಆದವರ ಮೇಲಲ್ಲ. ನೀವೇ ಪೂರ್ತಿ ಓದಿ.

ಗಿರೀಶ್: ಆಸ್ಪತ್ರೆ ಸಂಬಳ ತಗೊಳ್ಳೋರು ಇನ್ನೇನು ಹೇಳ್ತೀರಿ.

ಸವಿತಾ: ಅಡ್ಮಿನ್, ಇವರನ್ನ ನೋಡ್ಕೊಳ್ಳಿ.

ನಾಗರತ್ನ: ನಮ್ಮ ತಾಲ್ಲೂಕಲ್ಲಿ ಕ್ಯಾಥ್‌ಲ್ಯಾಬ್ (ಆಂಜಿಯೋಗ್ರಾಂ, ಸ್ಟೆಂಟ್ ಮಾಡೋ ಜಾಗ) ಇಲ್ಲ. ಅಟ್ಯಾಕ್ ಆದ್ರೆ ನೇರ ಬೆಂಗಳೂರಿಗೇ ಹೊರಡೋದಾ?

ಡಾಕ್ಟರ್: ಬೇಡ. ಮೊದಲು ಹತ್ತಿರದಲ್ಲೇ ಇಸಿಜಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಉಚಿತ. ತೂಕ ನೋಡಿ 30ರಿಂದ 50 ಮಿಗ್ರಾಂ, ಒಂದೇ ಚುಚ್ಚುಮದ್ದು. ಮೊದಲ ಮೂರು ಗಂಟೆಯಲ್ಲಿ ಲಾಭ ಹೆಚ್ಚು, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಹೆಪ್ಪು ಕರಗಿದರೂ 2–24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಎಸ್‌ಟಿ ಇಳಿಯದಿದ್ದರೆ ತಕ್ಷಣ ಬಲೂನಿಗೆ ಕಳಿಸಬೇಕು. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಈ ಇಂಜೆಕ್ಷನ್ ಕೊಡುವಂತಿಲ್ಲ.

ಪ್ರಕಾಶ್: ಬೈಕ್?

ಬಸವರಾಜ: ಜೋರಾಗಿ ಕೆಮ್ಮಿದ್ರೆ ಅಟ್ಯಾಕ್ ನಿಲ್ಲುತ್ತಂತೆ, ವಿಡಿಯೋ ಹಾಕ್ಲಾ?

ಡಾಕ್ಟರ್: ಹಾಕಬೇಡಿ. ಕೆಮ್ಮುತ್ತಾ ಕೂತರೆ ಸ್ನಾಯು ಸಾಯುತ್ತದೆ. 108ಕ್ಕೆ ಫೋನ್ ಮಾಡಿ.

ರಫೀಕ್: ಅಬ್ಬಾಗೆ ಸ್ಟೆಂಟ್ ಹಾಕಿ ಒಂದು ತಿಂಗಳು. ಹಲ್ಲು ಕೀಳಿಸೋಕೆ ಟಿಕಾಗ್ರೆಲಾರ್ ಐದು ದಿನದಿಂದ ನಿಲ್ಲಿಸಿದ್ದೀವಿ. ನಾಳೆ ಅಪಾಯಿಂಟ್‌ಮೆಂಟ್. ಆಸ್ಪಿರಿನ್ ಕೂಡ ನಿಲ್ಲಿಸ್ಬೇಕಾ?

ಡಾಕ್ಟರ್: ಬೇಡವೇ ಬೇಡ! ಸ್ಟೆಂಟ್ ಹಾಕಿದ ಡಾಕ್ಟರಿಗೆ ಈ ಕ್ಷಣ ಫೋನ್ ಮಾಡಿ. ಒಂದು ತಿಂಗಳ ಸ್ಟೆಂಟ್ ಮೇಲೆ ಇನ್ನೂ ಒಳಪದರ ಪೂರ್ತಿ ಬೆಳೆದಿರುವುದಿಲ್ಲ. ಮಾತ್ರೆ ಬಿಟ್ಟರೆ ಬರಿಯ ಲೋಹದ ಮೇಲೆ ಹೆಪ್ಪುಗಟ್ಟಿ ನಾಳ ಮತ್ತೆ ಪೂರ್ತಿ ಮುಚ್ಚಬಹುದು. ಟಿಕಾಗ್ರೆಲಾರ್ ಮತ್ತೆ ಶುರುಮಾಡಲು ಲೋಡಿಂಗ್ ಡೋಸ್ (ಮೊದಲಿಗೆ ಕೊಡುವ ದೊಡ್ಡ ಡೋಸ್) ಬೇಕಾ ಅಂತ ಅವರೇ ಹೇಳಬೇಕು. ಒಂದು ಹಲ್ಲನ್ನು ಸಾಮಾನ್ಯವಾಗಿ ಎರಡೂ ಮಾತ್ರೆ ನಡೆಸಿಕೊಂಡೇ ಕೀಳಬಹುದು: ಗಾಜ್ ಒತ್ತಿ, ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಸಿಡ್‌ನಿಂದ ಬಾಯಿ ಮುಕ್ಕಳಿಸಿದರೆ ರಕ್ತ ನಿಲ್ಲುತ್ತದೆ. ಮುಂದೂಡಲು ಆದರೆ ಮುಂದೂಡಿ.

ರಫೀಕ್: ಡೆಂಟಿಸ್ಟೇ ನಿಲ್ಲಿಸಿ ಅಂದ್ರು...

ಡಾಕ್ಟರ್: ಇಲ್ಲಿ ಟೈಪ್ ಮಾಡ್ತಾ ಕೂರಬೇಡಿ, ಫೋನ್ ಮಾಡಿ.