ಕೂಲಿ ಲೋಚ್ ಮೀನು ಹಗಲಿಡೀ ಕಾಣಿಸೋದೇ ಇಲ್ಲ, ಸಾಕಿದವರು ಸ್ವಲ್ಪ ಹೇಳಿ

ಕೇಳಿದವರು, ಮೈಸೂರು:

ಮನೆಯಲ್ಲಿ ಎರಡು ಅಡಿ ಉದ್ದದ ಮೀನಿನ ತೊಟ್ಟಿ ಇದೆ. ಎಂಟು ನಿಯಾನ್ ಟೆಟ್ರಾ ಮೀನು ಒಂದು ವರ್ಷದಿಂದ ಚೆನ್ನಾಗಿವೆ. ಮೂರು ವಾರದ ಹಿಂದೆ ಮೂರು ಕೂಲಿ ಲೋಚ್ ತಂದೆ. ಹಳದಿ ಮೈ, ಕಂದು ಪಟ್ಟೆ, ನೋಡೋಕೆ ಹಾವಿನ ಮರಿ ಥರ. ಬಿಟ್ಟ ದಿನ ಗಾಜಿನ ಉದ್ದಕ್ಕೂ ಮೇಲೆ ಕೆಳಗೆ ಓಡಾಡಿದವು. ಆಮೇಲೆ ಮಾಯ. ಈಗ ಎರಡು ಫಿಲ್ಟರ್ ಹಿಂದೆ ಒಂದರ ಮೇಲೊಂದು ಬಿದ್ದಿರುತ್ತವೆ. ಮೂರನೆಯದರ ಸುಳಿವೇ ಇಲ್ಲ. ಕೆಳಗೆ ಬಣ್ಣದ ಕಲ್ಲು ಹಾಕಿದ್ದೇನೆ. ಅಂಗಡಿಯವರನ್ನು ಕೇಳಿದರೆ ಹುಷಾರಿಲ್ಲ ಅಂತ ಕಾಣುತ್ತೆ, ಕಲ್ಲುಪ್ಪು ಹಾಕಿ, ಜೊತೆಗೆ ಇದನ್ನೂ ಹಾಕಿ ಅಂತ ಒಂದು ನೀಲಿ ಔಷಧಿ ಕೊಟ್ಟರು. ಹಾಕಲಾ? ಬಾಟಲಿ ಇನ್ನೂ ತೆರೆದಿಲ್ಲ.

ಬೆಂಗಳೂರಿನಿಂದ, ಆರು ವರ್ಷದಿಂದ ಕೂಲಿ ಸಾಕುತ್ತಿರುವವರು:

ಹಾಕಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಅವಿತುಕೊಳ್ಳೋದು ಕೂಲಿಗೆ ಕಾಯಿಲೆ ಅಲ್ಲ, ದಿನಚರಿ. ಮಲೇಷ್ಯಾ, ಸುಮಾತ್ರಾ, ಬೋರ್ನಿಯೋ ಕಡೆ ಕಾಡಿನ ನಡುವೆ ನಿಧಾನವಾಗಿ ಹರಿಯುವ ತೊರೆಗಳಲ್ಲಿ, ಉದುರಿದ ಎಲೆಗಳ ಕೆಳಗೆ ಬದುಕುವ ಮೀನು ಇದು. ಅಲ್ಲಿನ ನೀರು ಎಷ್ಟೋ ಕಡೆ ಟೀ ಡಿಕಾಕ್ಷನ್ ಬಣ್ಣ. ಬಿಸಿಲು ತಳದವರೆಗೆ ಇಳಿಯೋದು ಕಮ್ಮಿ. ಕತ್ತಲಾದ ಮೇಲೆ ಹೊರಗೆ ಬಂದು, ಬಾಯಿ ಸುತ್ತ ಇರುವ ಮೀಸೆಯಿಂದ ತಳ ತಡವಿ ತಡವಿ ಹುಳ ಹುಡುಕಿ ತಿನ್ನುತ್ತದೆ. ಅಂಥದ್ದನ್ನು ತಂದು ಕಣ್ಣು ಕುಕ್ಕುವ ಎಲ್‌ಇಡಿ ಕೆಳಗೆ, ಬಣ್ಣದ ಕಲ್ಲಿನ ಮೇಲೆ ಬಿಟ್ಟರೆ ಪಾಪ ಎಲ್ಲಿಗೆ ಹೋಗಬೇಕು? ಫಿಲ್ಟರ್ ಹಿಂದೆಯೇ ಹೋಗುತ್ತದೆ.

ಔಷಧಿ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಮೊದಲ ವರ್ಷ ಟೆಟ್ರಾಗಳಿಗೆ ಬಿಳಿ ಚುಕ್ಕೆ ರೋಗ ಬಂತು. ಬಾಟಲಿ ಮೇಲೆ ಬರೆದಷ್ಟೂ ಔಷಧಿ ಸುರಿದೆ. ಟೆಟ್ರಾ ಬದುಕಿದವು. ಬೆಳಿಗ್ಗೆ ನೋಡಿದರೆ ಎರಡು ಕೂಲಿ ಹೋಗಿದ್ದವು. ಆಮೇಲೆ ತಿಳಿಯಿತು, ಇವುಗಳ ಹುರುಪೆ ತೀರಾ ಸಣ್ಣದು, ಚರ್ಮದೊಳಗೆ ಹೂತಿರುತ್ತದೆ. ಮೈ ಹೆಚ್ಚುಕಮ್ಮಿ ಬರಿಮೈ ಇದ್ದ ಹಾಗೆ. ತಾಮ್ರ ಇರುವ ಔಷಧಿ, ಮಲಕೈಟ್ ಗ್ರೀನ್ ಅನ್ನೋ ಹಸಿರು ಔಷಧಿ, ಜಾಸ್ತಿ ಉಪ್ಪು ಇವೆಲ್ಲ ಬೇರೆ ಮೀನಿಗಿಂತ ಇವಕ್ಕೆ ಬೇಗ ತಾಗುತ್ತವೆ. ನಿಮ್ಮ ನೀಲಿ ಬಾಟಲಿ ಮೆಥಿಲೀನ್ ಬ್ಲೂ ಆಗಿದ್ದರೆ ಫಿಲ್ಟರಿನಲ್ಲಿ ಬೆಳೆದ, ನೀರು ಕೆಡದ ಹಾಗೆ ನೋಡಿಕೊಳ್ಳುವ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಏಟು. ಈಗ ಬಿಳಿ ಚುಕ್ಕೆ ಬಂದರೆ ನಾನು ಮೊದಲು ನೀರಿನ ಉಷ್ಣತೆಯನ್ನು ಎರಡು ದಿನದಲ್ಲಿ ನಿಧಾನಕ್ಕೆ 30 ಡಿಗ್ರಿಗೆ ಏರಿಸುತ್ತೇನೆ, ಗಾಳಿ ಪಂಪು ಜೋರಾಗಿ ಬಿಡುತ್ತೇನೆ. ಔಷಧಿ ಬೇಕೇಬೇಕು ಅಂದರೆ ಅರ್ಧ ಪ್ರಮಾಣ.

ನಿಮ್ಮ ತೊಟ್ಟಿಯಲ್ಲಿ ಬದಲಾಗಬೇಕಾದ್ದು ತಳ. ಮರಳು ಹಾಕಿ. ಕೂಲಿ ಮರಳಲ್ಲಿ ಮುಖ ತೂರಿಸಿ ಬಾಳುವ ಜೀವ. ಮರಳನ್ನು ಬಾಯಿಗೆ ತಗೊಂಡು, ತಿನ್ನೋದು ಉಳಿಸಿಕೊಂಡು, ಉಳಿದದ್ದನ್ನು ಕಿವಿರಿನಿಂದ ಉದುರಿಸುತ್ತದೆ. ಚೂಪು ಕಲ್ಲಿದ್ದರೆ ಮೀಸೆ ಸವೆದು ಹುಣ್ಣಾಗುತ್ತದೆ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಮಾತ್ರ ಬೇಡ. ಅದು ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು. ನಾನು ಈಜುಕೊಳದ ಫಿಲ್ಟರಿಗೆ ಹಾಕುವ ಸಿಲಿಕಾ ಮರಳಿನಲ್ಲಿ ಸಣ್ಣದನ್ನು ಆರಿಸಿ ತಂದೆ. ಬಕೆಟಿನಲ್ಲಿ ಅಕ್ಕಿ ತೊಳೆದ ಹಾಗೆ ಹತ್ತು ಹದಿನೈದು ಸಲ ತೊಳೆದೆ. ಎರಡು ಇಂಚು ದಪ್ಪ ಸಾಕು. ಕಲ್ಲನ್ನು ಒಂದೇ ದಿನ ಪೂರ್ತಿ ತೆಗೆಯಬೇಡಿ, ಅದರಲ್ಲೂ ಬ್ಯಾಕ್ಟೀರಿಯಾ ಕೂತಿರುತ್ತದೆ. ಈ ವಾರ ಅರ್ಧ, ಮುಂದಿನ ವಾರ ಅರ್ಧ.

ಇನ್ನೊಂದು, ಕೂಲಿಯನ್ನು ಬಲೆಯಲ್ಲಿ ಹಿಡಿಯಬೇಡಿ. ಕಣ್ಣಿನ ಕೆಳಗೆ ಸಣ್ಣ ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬದಲ್ಲಿ ನೀರು ಸಮೇತ ಮೊಗೆಯಿರಿ. ಸಿಕ್ಕೋದಿಲ್ಲ, ತಾಳ್ಮೆ ಬೇಕು.

ಅಡಗೋಕೆ ಜಾಗ ಕೊಟ್ಟರೆ ಇನ್ನೂ ಕಾಣಿಸಲ್ಲ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಉಲ್ಟಾ. ಓಡಿಹೋಗಿ ಸೇರಿಕೊಳ್ಳೋಕೆ ಹತ್ತಿರದಲ್ಲೇ ಜಾಗ ಇದೆ ಅಂತ ಗೊತ್ತಿದ್ದರೆ ಧೈರ್ಯವಾಗಿ ಹೊರಗೆ ಬರುತ್ತವೆ. ತೆಂಗಿನ ಕರಟ ತಗೊಂಡು ಒಳಗಿನ ಕಾಯಿ ಪೂರ್ತಿ ಕೆರೆದು, ಎರಡು ಮೂರು ಸಲ ಕುದಿಸಿ, ಅಂಚಿನಲ್ಲಿ ಒಂದು ಬಾಗಿಲು ಮುರಿದು ಕವುಚಿ ಇಡಿ. ನಮ್ಮ ಮನೆಯ ಏಳೂ ಒಂದೇ ಕರಟದಲ್ಲಿ ಶಾವಿಗೆ ಥರ ಹೆಣೆದುಕೊಂಡು ಮಲಗುತ್ತವೆ. ಪಕ್ಕದಲ್ಲೇ ಇನ್ನೆರಡು ಕರಟ ಖಾಲಿ ಬಿದ್ದಿವೆ!

ಮೂರು ಸಾಲದು. ಕಮ್ಮಿ ಅಂದರೂ ಆರು ಇರಬೇಕು. ನನ್ನ ಹತ್ತಿರ ಎರಡೇ ಉಳಿದಿದ್ದಾಗ ತಿಂಗಳುಗಟ್ಟಲೆ ಮುಖ ನೋಡಿರಲಿಲ್ಲ. ಏಳಾದ ಮೇಲೆ ಸಂಜೆ ದೀಪ ಆರಿಸುವ ಹೊತ್ತಿಗೇ ಹೊರಗೆ ಬರೋಕೆ ಶುರು ಮಾಡಿದವು. ಬೆಳೆದರೂ ಮೂರೂವರೆ, ನಾಲ್ಕು ಇಂಚು. ನಿಮ್ಮದು ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ ಐವತ್ತು ಲೀಟರ್ ಆಗುತ್ತದೆ, ಆರಕ್ಕೆ ಸಾಕು. ಆದರೆ ಮೊದಲು ಮರಳು, ಆಮೇಲೆ ಮೀನು.

ಮೂರನೆಯದನ್ನು ಫಿಲ್ಟರಿನ ಒಳಗೆ ಹುಡುಕಿ. ಹಿಂದೆ ಅಲ್ಲ, ಒಳಗೆ.

ಮಂಗಳೂರಿನಿಂದ:

ನೆಲದ ಮೇಲೂ ಒಮ್ಮೆ ನೋಡಿ. ನಮ್ಮದು ಒಂದು ವೈರ್ ಹೋಗುವ ಸಂದಿಯಲ್ಲಿ ನುಸುಳಿ ಆಚೆ ಬಿದ್ದಿತ್ತು. ಗುಡಿಸುವಾಗ ಸಿಕ್ಕಿತು, ಒಣಗಿದ ರಬ್ಬರ್ ಬ್ಯಾಂಡ್ ಥರ. ಅವತ್ತಿನಿಂದ ಮುಚ್ಚಳದ ಎಲ್ಲ ಸಂದಿಗೂ ಸ್ಪಂಜು ತುರುಕಿದ್ದೇನೆ.

ನೀರಿಗೆ ನಾನು ಹಾಕೋದು ಒಣಗಿದ ಕಾಡುಬಾದಾಮಿ ಎಲೆ ಮಾತ್ರ. ನಮ್ಮ ಬೀದಿಯಲ್ಲಿ ಎರಡು ಮರ ಇವೆ, ಕೆಂಪಾಗಿ ಉದುರಿದ್ದನ್ನು ಆರಿಸಿ, ತೊಳೆದು, ಒಣಗಿಸಿ ಇಡುತ್ತೇನೆ. ಹತ್ತಿರ ಹೊಲ ಇದ್ದು ಕೀಟನಾಶಕ ಹೊಡೆಯುವ ಕಡೆಯದು ಬೇಡ. ಒಂದು ಎಲೆ ಹಾಕಿದರೆ ಎರಡು ಮೂರು ದಿನದಲ್ಲಿ ನೀರಿಗೆ ತಿಳಿ ಕಂದು ಬಣ್ಣ ಬರುತ್ತದೆ. ಮನೆಗೆ ಬಂದವರು ಗಲೀಜು ಅನ್ನುತ್ತಾರೆ. ಮೀನುಗಳು ಎಲೆ ಕೆಳಗಿಂದ ತಲೆ ಹಾಕಿ ನೋಡುತ್ತವೆ.

ಆಗಾಗ ಸರ್‍ರನೆ ಮೇಲೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಕೆಳಗೆ ಬಂದರೆ ಹೆದರಬೇಡಿ. ಕರುಳಿನಿಂದಲೂ ಉಸಿರಾಡುವ ಶಕ್ತಿ ಇವಕ್ಕಿದೆ. ಎಲ್ಲವೂ ಒಟ್ಟಿಗೆ ಮತ್ತೆ ಮತ್ತೆ ಹಾಗೆ ಮಾಡಿದರೆ ಮಾತ್ರ ನೀರು ಕೆಟ್ಟಿದೆ ಅಂತ ಅರ್ಥ. ನಮ್ಮವು ಮೊದಲ ಜೋರು ಮಳೆಯ ಹಿಂದಿನ ದಿನ ಹುಚ್ಚು ಹಿಡಿದ ಹಾಗೆ ಕುಣಿಯುತ್ತವೆ. ಸುಮ್ನೆ ಹೇಳಿದೆ.

ಹುಬ್ಬಳ್ಳಿಯಿಂದ:

ಮಂಗಳೂರಿನವರಿಗೆ ಹೀಟರ್ ಬೇಡ, ನಮಗೆ ಬೇಕ್ರೀ. ಡಿಸೆಂಬರ್‌ನಲ್ಲಿ ನೀರು 20ಕ್ಕೆ ಇಳಿದಾಗ ಊಟ ಬಿಟ್ಟವು. 25ಕ್ಕೆ ನಿಲ್ಲಿಸಿದ ಮೇಲೆ ಸರಿಹೋದವು. ಬೋರ್ ನೀರು ಗಡಸು ಅಂತ ಮಳೆ ನೀರು ಬೆರೆಸಿ ಹಾಕುತ್ತೇನೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯದೆ ಹಾಕಬೇಡಿ.

ತಿಂದರೂ ಬೆನ್ನು ಚೂಪಾಗಿ ಒಣಗುತ್ತಾ ಹೋದರೆ ಹೊಟ್ಟೆಯಲ್ಲಿ ಹುಳ ಇರಬಹುದು. ಕಾಡಿನಿಂದ ಹಿಡಿದು ತಂದ ಮೀನಿಗೆ ಇದು ಸಾಮಾನ್ಯ. ಹಾಗಾಗಿ ಹೊಸ ಮೂರನ್ನು ತಂದರೆ ಮೂರ್ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ.

ಶಿವಮೊಗ್ಗದಿಂದ:

ನಾನು ಸಾಕೋದು ಕೂಲಿ ಅಲ್ಲ, ಜೀಬ್ರಾ ಲೋಚ್. ಆದರೂ ಹೇಳಬೇಕು ಅನ್ನಿಸಿತು. ಮೈತುಂಬ ತೆಳು ಪಟ್ಟೆ ಇರುವ ಇದು (ವೈಜ್ಞಾನಿಕ ಹೆಸರು ಬೋಟಿಯಾ ಸ್ಟ್ರೈಯೇಟಾ) ನಮ್ಮ ಪಶ್ಚಿಮ ಘಟ್ಟದ ಮೀನು. ನಮ್ಮ ತುಂಗಾ ನದಿಯಲ್ಲಿ ಸಿಕ್ಕಿದ್ದನ್ನು ನೋಡಿ ಅದಕ್ಕೆ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್, 1920ರಲ್ಲಿ. ಅಂಗಡಿಯಲ್ಲಿ ಅದನ್ನು 'ಇಂಪೋರ್ಟೆಡ್' ಅಂತ ನನಗೆ ಮಾರಿದ್ದರು! ಈಗ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನಲ್ಲಿದೆ. ಅದಕ್ಕೇ ನಾನು ಇನ್ನು ಹೊಸದು ತರೋದಿಲ್ಲ, ಇರುವ ಐದನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ.

ಕೂಲಿಗೂ ಇದಕ್ಕೂ ಒಂದು ವ್ಯತ್ಯಾಸ ತಿಳಿದಿರಲಿ. ಇದು ಹಗಲಲ್ಲೂ ಓಡಾಡುತ್ತದೆ, ಹರಿಯುವ ನೀರು ಬೇಕು, ಬಸವನಹುಳು ಹೀರಿ ತಿನ್ನುತ್ತದೆ. ತಿನ್ನುವಾಗ ಟಕ್ ಟಕ್ ಅಂತ ಸದ್ದು ಆಚೆಗೂ ಕೇಳುತ್ತದೆ. ಕೂಲಿಯಿಂದ ಬಸವನಹುಳು ಕಮ್ಮಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಿತ್ತಳೆ ಬಣ್ಣಕ್ಕೆ ಮರುಳಾಗಿ ಕ್ಲೌನ್ ಲೋಚ್ ಮರಿಯನ್ನೂ ತರಬೇಡಿ. ಅಂಗಡಿಯಲ್ಲಿ ಎರಡು ಇಂಚು, ವರ್ಷಗಳು ಕಳೆದ ಮೇಲೆ ಹತ್ತು ಇಂಚು ದಾಟುತ್ತದೆ. ಎರಡು ಅಡಿ ತೊಟ್ಟಿಯಲ್ಲಿ ತಿರುಗೋಕೂ ಆಗಲ್ಲ.

ಕೇಳಿದವರು, ಮೈಸೂರು:

ಸಿಕ್ಕಿತು! ಫಿಲ್ಟರ್ ಬಿಚ್ಚಿದೆ, ಸ್ಪಂಜಿನ ಅಡಿಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಬದುಕಿದೆ. ಇನ್ನೂ ಆಶ್ಚರ್ಯ ಅಂದರೆ ಆಚೆ ಇದ್ದ ಎರಡಕ್ಕಿಂತ ಇದೇ ದಪ್ಪಗಿದೆ. ಅಂದ ಹಾಗೆ ಊಟಕ್ಕೆ ಏನು ಕೊಡಲಿ? ನಾನು ತೇಲುವ ಕಾಳು ಹಾಕುತ್ತಿದ್ದೆ, ಬೆಳಿಗ್ಗೆ.

ಬೆಂಗಳೂರಿನವರು:

ದಪ್ಪಗಾಗದೆ ಇನ್ನೇನು, ಉಳಿದ ಊಟ ಎಲ್ಲ ಫಿಲ್ಟರ್ ಎಳೆದು ಅದರ ಬಾಯಿಗೇ ತಂದುಕೊಟ್ಟಿದೆ. ಆಚೆಯ ಎರಡು ಉಪವಾಸ ಇದ್ದವು ಅಂತ ಕಾಣುತ್ತೆ. ತೇಲುವ ಕಾಳು ಟೆಟ್ರಾ ಪಾಲು, ಅದೂ ಬೆಳಿಗ್ಗೆ ಅಂದರೆ ಇವು ನಿದ್ದೆಯಲ್ಲಿರುವ ಹೊತ್ತು.

ಮುಳುಗುವ ಸಣ್ಣ ಕಾಳು ತನ್ನಿ. ಮೊದಲು ಟೆಟ್ರಾಗಳಿಗೆ ಹೊಟ್ಟೆ ತುಂಬಿಸಿ. ದೀಪ ಆರಿಸಿ ಅರ್ಧ ಗಂಟೆ ಬಿಟ್ಟು ಕರಟದ ಬಾಗಿಲ ಹತ್ತಿರ ನಾಲ್ಕು ಕಾಳು ಬಿಡಿ. ವಾರಕ್ಕೆ ಎರಡು ಸಲ ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಸಣ್ಣ ಕೆಂಪು ಹುಳ) ಕರಗಿಸಿ ಕೊಡಿ. ಜೀವಂತ ಟ್ಯೂಬಿಫೆಕ್ಸ್ ಹುಳ ನಾನು ಕೊಡಲ್ಲ, ಚರಂಡಿಯಂಥ ಕೊಚ್ಚೆಯಿಂದ ತರೋದೇ ಜಾಸ್ತಿ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ ನೋಡಿ, ಆ ಬೆಳಕಿಗೆ ಅಷ್ಟಾಗಿ ಬೆದರಲ್ಲ.

ಫಿಲ್ಟರ್ ನೀರು ಎಳೆಯುವ ಸೀಳಿಗೆ ಒಂದು ಸ್ಪಂಜು ಕಟ್ಟೋದು ಮರೀಬೇಡಿ. ಇಲ್ಲದಿದ್ದರೆ ಮತ್ತೆ ಅಲ್ಲಿಗೇ ಹೋಗುತ್ತೆ. ರುಚಿ ಗೊತ್ತಾಗಿದೆಯಲ್ಲ.

ಕೇಳಿದವರು, ಮೈಸೂರು:

ಸ್ಪಂಜು ಕಟ್ಟಿದೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಕೆಂಪು ಟಾರ್ಚ್ ಹಿಡಿದು ಕೂತಿದ್ದೆ, ಅಮ್ಮ ಎದ್ದು ಬಂದು ಏನೋ ಇದು ಅಂತ ಬೈದರು. ಆಮೇಲೆ ಅವರೂ ಪಕ್ಕದಲ್ಲೇ ಕೂತು ನೋಡಿದರು. ಮೂರೂ ಬಂದವು. ಮರಳು ಶನಿವಾರ ತರುತ್ತೇನೆ. ನೀಲಿ ಬಾಟಲಿ ವಾಪಸ್ ಕೊಡೋಕೆ ಹೋದರೆ ಅಂಗಡಿಯವರು ತಗೊಳ್ಳಲಿಲ್ಲ.