ಭಾನುವಾರ ಬಂಧುಮಿತ್ರರು ಸೇರಿದಾಗ ಒಬ್ಬರೇ ಅಡುಗೆಮನೆಯಲ್ಲಿ ಉಳಿಯದಂತೆ ಮಾಡುವುದು ಹೇಗೆ?

ಪ್ರಶ್ನೆ: ಬನಶಂಕರಿ ನಿವಾಸಿ

ನಮ್ಮ ಅಣ್ಣತಮ್ಮಂದಿರ ಕುಟುಂಬಗಳೂ ನಮ್ಮವರ ಹಳೆಯ ಸ್ನೇಹಿತರ ಎರಡು ಮನೆಯವರೂ ಬೆಂಗಳೂರಿನಲ್ಲೇ ಇದ್ದು, ಬಿಡುವಾದ ಭಾನುವಾರಗಳಲ್ಲಿ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಒಟ್ಟು ಹದಿನೈದು ಜನ. ಎಪ್ಪತ್ತು ದಾಟಿದ ಅತ್ತೆ ಮಾವನವರೂ ಒಂದನೆಯ ತರಗತಿಯ ಮಗುವೂ ಅದರಲ್ಲಿದ್ದಾರೆ. ತೊಂದರೆಯೆಂದರೆ, ಸರದಿ ಬಂದ ಮನೆಯ ಹೆಂಗಸರು ಶನಿವಾರ ಸಂಜೆಯಿಂದಲೇ ಒಲೆಯ ಮುಂದೆ ನಿಂತಿರುತ್ತಾರೆ, ಉಳಿದವರು ಟಿ.ವಿ. ಮುಂದೆ ಕುಳಿತಿರುತ್ತಾರೆ, ಪಾತ್ರೆ ತೊಳೆದು ಹೊರಗೆ ಬಂದು ನಾಲ್ಕು ಮಾತನಾಡೋಣವೆನ್ನುವಷ್ಟರಲ್ಲಿ ಎಲ್ಲರಿಗೂ ಟ್ರಾಫಿಕ್ಕಿನ ಚಿಂತೆ ಹತ್ತಿರುತ್ತದೆ. ಹೋಟೆಲಿನಲ್ಲಿ ಉದ್ದನೆಯ ಮೇಜಿನ ಆ ತುದಿಯ ಮಾತು ಈ ತುದಿಗೆ ಕೇಳುವುದಿಲ್ಲ. ಮುಂದಿನ ತಿಂಗಳು, ಜನವರಿಯಲ್ಲಿ, ನಮ್ಮ ಸರದಿ. ಖರ್ಚೂ ಶ್ರಮವೂ ಮಿತವಾಗಿದ್ದು ಎಲ್ಲರೂ ಒಟ್ಟಿಗಿರುವಂತೆ ಏನು ಮಾಡಬಹುದೆಂದು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮಾಗಡಿ ರಸ್ತೆಯವರು

ಜನವರಿಯೆಂದರೆ ಸೊಗಡವರೆಯ ಕಾಲ. ನೀವು ಬೇರೇನನ್ನೂ ಹುಡುಕಬೇಕಾಗಿಲ್ಲ. ಊಟಕ್ಕೆ ಹಿತಕಿದ ಅವರೆಬೇಳೆ ಸಾರು ಎಂದು ನಿಶ್ಚಯಿಸಿ, ಅದರ ಕೆಲಸವನ್ನೇ ಎಲ್ಲರ ಮುಂದೆ ಹರಡಿಬಿಡಿ. ಐದು ಕಿಲೋ ಕಾಯಿ ತಂದರೆ ಹದಿನೈದು ಜನರಿಗೆ ಸಾಕಾಗುತ್ತದೆ. ರಾಶಿ ನೋಡಿ ಹೆಚ್ಚಾಯಿತೆನ್ನಿಸಬಹುದು, ಆದರೆ ಸಿಪ್ಪೆ ಹೋದ ಮೇಲೆ ಕಾಳು ಅರ್ಧಕ್ಕಿಂತ ಕಡಿಮೆಯೇ ಉಳಿಯುತ್ತದೆ. ಕೊಳ್ಳುವಾಗ ಕಾಯಿಯನ್ನು ಬೆರಳಲ್ಲಿ ತಿಕ್ಕಿ ನೋಡಿ: ಎಣ್ಣೆ ಸವರಿದಂತೆ ಜಿಡ್ಡು ಅಂಟಿ, ಕೈಯಲ್ಲಿ ಘಮ ಉಳಿದರೆ ಅದು ಒಳ್ಳೆಯ ಸೊಗಡು.

ಕಾಳನ್ನು ರಾತ್ರಿ ನೆನೆಹಾಕಿರಬೇಕು. ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ, ಮಧ್ಯದಲ್ಲಿ ಅಗಲವಾದ ತಟ್ಟೆಯಿಟ್ಟು, ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲರ ಕೈಗೂ ಒಂದೊಂದು ಬಟ್ಟಲು ಕಾಳು ಕೊಡಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಹಿತಕಿದರೆ ಬೇಳೆ ಪಿಚಕ್ಕನೆ ಹಾರುತ್ತದೆ, ಒಮ್ಮೊಮ್ಮೆ ಎದುರಿಗಿರುವವರ ಮಡಿಲಿಗೂ ಬೀಳುತ್ತದೆ. ನಿಮ್ಮ ಮನೆಯ ಮಗು ಇದನ್ನು ಬಿಟ್ಟು ಏಳುವುದಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಕೈಗೆ ಕೆಲಸವಿದ್ದರೆ ಮಾತು ತಾನಾಗಿಯೇ ಬರುತ್ತದೆ. ಸಾರಿಗೆ ಮುದ್ದೆಯೋ ಅಕ್ಕಿರೊಟ್ಟಿಯೋ ಯಾವುದಾದರೂ ಒಂದು, ಜೊತೆಗೆ ಅನ್ನ. ಪಲ್ಯ, ಕೋಸಂಬರಿ, ಪಾಯಸ ಎಂದು ಪಟ್ಟಿ ಬೆಳೆಸಿದಿರೋ ಮತ್ತೆ ಅಡುಗೆಮನೆಯೇ ಗತಿ.

ಉತ್ತರ 2: ವಿಜಯಪುರ ಕಡೆಯವ

ಅವರೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ನಮ್ಮ ಭಾಗದಲ್ಲಿ ಅದೇ ಚಳಿಗಾಲದಲ್ಲಿ ಹೊಲದಲ್ಲಿ ಸೀತನಿ ತಿನ್ನಲು ಸೇರುತ್ತೇವೆ. ಹಿಂಗಾರಿ ಜೋಳದ ತೆನೆ ಹಾಲುಗಾಳಾಗಿ ಇನ್ನೂ ಬಲಿಯದಿರುವಾಗ ಕೊಯ್ದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ ಕಾಳು ಬಿಡಿಸಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ, ಗಟ್ಟಿ ಮೊಸರಿನೊಂದಿಗೆ ತಿನ್ನುವುದು. ಕಾಳು ಗಟ್ಟಿಯಾದರೆ ಆ ರುಚಿ ಇಲ್ಲವಾದ್ದರಿಂದ ಯಾರೂ ‘ಮುಂದಿನ ತಿಂಗಳು ನೋಡೋಣ’ ಎನ್ನುವಂತಿಲ್ಲ. ತಟ್ಟೆ, ಲೋಟಗಳ ಗೊಡವೆಯೂ ಇಲ್ಲ. ನಿಮ್ಮ ಸ್ನೇಹಿತರಲ್ಲಿ ಯಾರದಾದರೂ ಹೊಲ ಈ ಕಡೆ ಇದ್ದರೆ, ಒಂದು ವಾರಾಂತ್ಯ ರಾತ್ರಿ ರೈಲು ಹತ್ತಿ ಬಂದುಬಿಡಿ.

ಉತ್ತರ 3: ಮೈಸೂರಿನ ನಿವೃತ್ತ ಶಿಕ್ಷಕಿ

ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿಕೊಂಡು ಬನ್ನಿ ಎಂಬ ಸಲಹೆಯನ್ನು ಇಲ್ಲಿ ಯಾರೂ ಕೊಡದಿರುವುದು ನನಗೆ ಸಮಾಧಾನ ತಂದಿತು. ಅದರಲ್ಲಿ ಒಂದು ಮನೆಯ ಶ್ರಮ ಐದು ಮನೆಗಳಿಗೆ ಹಂಚಿಹೋಗುವುದರ ಬದಲು, ಯಾರ ಪಲಾವು ಮೊದಲು ಖಾಲಿಯಾಯಿತೆಂಬ ಲೆಕ್ಕಾಚಾರವೇ ದೊಡ್ಡದಾಗುವುದನ್ನು ಕಂಡಿದ್ದೇನೆ.

ಆದರೆ ಬೆರಳುಗಳು ನೋಯುವ ಹಿರಿಯರಿಗೆ ಅವರೆ ಹಿತಕುವುದು ಕಷ್ಟವೆಂಬುದನ್ನು ಮರೆಯಬಾರದು. ಅವರಿಗೆ ಕಾಳಿನಲ್ಲಿ ಹುಳುಕು ಆರಿಸುವ ಕೆಲಸ ಕೊಡಿ, ಇಲ್ಲವೇ ಮಗುವಿನೊಂದಿಗೆ ಚೌಕಾಬಾರಕ್ಕೆ ಕೂರಿಸಿ. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಗಳ ಚೌಕ ಬರೆದು, ನಾಲ್ಕು ಕವಡೆಯನ್ನೋ ಒಂದು ಬದಿ ತೇಯ್ದ ಹುಣಸೆಬೀಜವನ್ನೋ ಕೊಟ್ಟರೆ ಆಯಿತು. ಎದುರಾಳಿಯ ಕಾಯಿಯೊಂದನ್ನು ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ನಿಯಮವಿರುವುದರಿಂದ ಅಜ್ಜನೂ ಮೊಮ್ಮಗುವೂ ಸರಿಸಮಾನವಾಗಿ ಜಗಳವಾಡುತ್ತಾರೆ. ಸಂಜೆಯವರೆಗೆ ಉಳಿಯುವವರಿದ್ದರೆ ಮತ್ತೆ ಒಲೆ ಹಚ್ಚಬೇಡಿ. ಉಳಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಮೊಸರು ಹಾಕಿ ಕಲಸಿ, ತಾರಸಿಯಲ್ಲಿ ಸುತ್ತ ಕೂರಿಸಿ, ಅತ್ತೆಯವರ ಕೈಯಿಂದಲೇ ಕೈತುತ್ತು ಹಾಕಿಸಿ. ತುತ್ತಿನ ನಡುವೆ ಗುಳಿ ಮಾಡಿ ಉಪ್ಪಿನಕಾಯಿ ರಸ ಹಾಕಿದರೆ ಬೇರೇನೂ ಬೇಕಾಗದು. ಪಾತ್ರೆ ತೊಳೆಯುವುದು ಗಂಡಸರ ಪಾಲಿಗಿರಲಿ. ಇದನ್ನು ಊಟಕ್ಕೆ ಮೊದಲೇ ಹೇಳಿಬಿಡುವುದು ಕ್ಷೇಮ.

ಬನಶಂಕರಿ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಅವರೆ ಸಾರು, ಮುದ್ದೆ, ಚೌಕಾಬಾರ ಎಂದು ತೀರ್ಮಾನಿಸಿದ್ದೇವೆ; ಪಾತ್ರೆಯ ವಿಷಯವನ್ನು ನಮ್ಮವರಿಗೆ ಈಗಾಗಲೇ ತಿಳಿಸಿದ್ದೇನೆ. ಕಾಯಿಯನ್ನು ಶುಕ್ರವಾರವೇ ತಂದು ಬಿಡಿಸಿ, ಅಂದು ರಾತ್ರಿಯಿಂದಲೇ ನೆನೆಹಾಕಬಹುದೇ?

ಮಾಗಡಿ ರಸ್ತೆಯವರು

ಬೇಡ, ಅಷ್ಟು ಹೊತ್ತು ನೀರಿನಲ್ಲಿದ್ದರೆ ಕಾಳು ಲೋಳೆಯಾಗಿ ಹುಳಿವಾಸನೆ ಬರುತ್ತದೆ. ಶುಕ್ರವಾರ ಬಿಡಿಸಿದ ಕಾಳನ್ನು ಫ್ರಿಜ್ಜಿನಲ್ಲಿಟ್ಟು, ಶನಿವಾರ ಮಲಗುವ ಮುನ್ನ ನೆನೆಹಾಕಿ, ಭಾನುವಾರ ಬೆಳಿಗ್ಗೆ ಎದ್ದ ಕೂಡಲೇ ನೀರು ಬಸಿದು ಒಮ್ಮೆ ತೊಳೆದಿಡಿ.