ಅಮೆರಿಕದ ಸಾಧನೆಯಲ್ಲಿ ಹೊರಗಿನಿಂದ ಬಂದವರ ಪಾಲು

ಪ್ರಶ್ನೆ: ನಿವೃತ್ತ ಮಾಸ್ತರ, ಕಡವಾಡ (ಕಾರವಾರ)

ಮಹಾಶಕ್ತಿಯೊಂದರ ಹಿರಿಮೆಗೆ ಅಲ್ಲೇ ಹುಟ್ಟಿದವರು ಕಾರಣರೋ, ಬಂದು ನೆಲೆಸಿದವರು ಕಾರಣರೋ ಎಂಬ ವಿಷಯದ ಮೇಲೆ ನಮ್ಮೂರಿನ ಪ್ರೌಢಶಾಲೆಯ ಮಕ್ಕಳನ್ನು ಚರ್ಚಾಸ್ಪರ್ಧೆಗೆ ಸಿದ್ಧಪಡಿಸುತ್ತಿದ್ದೇನೆ. ಕೈಗಾ ಅಣುವಿದ್ಯುತ್ ಸ್ಥಾವರ ಮಗ್ಗುಲಲ್ಲೇ ಇರುವುದರಿಂದ ಅಣುಶಕ್ತಿಯಿಂದಲೇ ಆರಂಭಿಸಿದೆ. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಅಣುಗಳು ಒಂದರಿಂದೊಂದು ಒಡೆಯುತ್ತ ಹೋಗುವ ಸರಪಳಿ ಕ್ರಿಯೆಯನ್ನು ಹತೋಟಿಯಲ್ಲಿಟ್ಟು ಮೊದಲು ನಡೆಸಿ ತೋರಿಸಿದ ತಂಡದ ಮುಂದಾಳು ಎನ್ರಿಕೊ ಫರ್ಮಿ ಇಟಲಿಯವರು. ಅವರ ಪತ್ನಿ ಯಹೂದಿ. 1938ರಲ್ಲಿ ಮುಸೊಲಿನಿಯ ಜನಾಂಗೀಯ ಕಾನೂನುಗಳು ಬಂದಾಗ, ನೊಬೆಲ್ ಪ್ರಶಸ್ತಿ ಸ್ವೀಕರಿಸಲು ಸ್ಟಾಕ್‌ಹೋಮಿಗೆ ಹೋದ ದಂಪತಿಗಳು ರೋಮಿಗೆ ಹಿಂದಿರುಗದೆ ನ್ಯೂಯಾರ್ಕಿನ ದಾರಿ ಹಿಡಿದರು. ಅಮೆರಿಕದ ಅಣುಬಾಂಬ್ ಪ್ರಯೋಗಾಲಯವಾದ ಲಾಸ್ ಅಲಮೋಸ್‌ನ ಸೈದ್ಧಾಂತಿಕ ವಿಭಾಗವನ್ನು ನಡೆಸಿದ ಹ್ಯಾನ್ಸ್ ಬೆಥೆ 1933ರಲ್ಲಿ ಜರ್ಮನಿಯಲ್ಲಿ ಅಂಥದೇ ಕಾನೂನಿನಿಂದ ಹುದ್ದೆ ಕಳೆದುಕೊಂಡವರು. ಇಷ್ಟು ಹೇಳುವಷ್ಟರಲ್ಲಿ ಒಬ್ಬ ಹುಡುಗಿ, "ಹಾಗಾದರೆ ಇದು ಅಮೆರಿಕದ ಸಾಧನೆಯೋ, ಜರ್ಮನಿ, ಇಟಲಿಗಳ ಮೂರ್ಖತನವೋ?" ಎಂದು ಕೇಳಿದಳು. ಏನು ಹೇಳಲಿ?

ಉತ್ತರ 1: ತೋಟಿಗ, ಶಿರಸಿ

ಮಾಸ್ತರೇ, ಹುಡುಗಿಯ ಪ್ರಶ್ನೆ ಸರಿಯಾಗಿಯೇ ಇದೆ. ಓಡಿಸಿದವರ ಮೂರ್ಖತನವಿಲ್ಲದೆ ಅವರು ಹೊರಡುತ್ತಿರಲಿಲ್ಲ, ಪ್ರಯೋಗಾಲಯ, ಹಣ, ಕಾರ್ಖಾನೆಗಳಿದ್ದ ದೇಶ ಸಿಗದಿದ್ದರೆ ಹೊರಟವರಿಂದ ಇಷ್ಟಾಗುತ್ತಲೂ ಇರಲಿಲ್ಲ. ಆದರೆ ತಮ್ಮ ಪಟ್ಟಿಯಲ್ಲಿ ಪಂಡಿತರಷ್ಟೇ ಇದ್ದಾರೆ. ಅಡಿಕೆಯ ಲೆಕ್ಕ ಬರೆಯುವಾಗ ಮಂಡಿಯನ್ನು ನೆನೆದು, ಮರ ಹತ್ತಿದ ಕೊನೆಗೌಡನನ್ನು ಬಿಟ್ಟಂತಾಯಿತು. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸಿದ ರೈಲುಮಾರ್ಗದ ಪಶ್ಚಿಮ ಭಾಗವನ್ನು ಹಾಕಿದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಕೆಲಸಗಾರರಲ್ಲಿ ಬಹುಪಾಲು ಚೀನಾದವರು. ಸಿಯೆರಾ ನೆವಾಡಾ ಬೆಟ್ಟಸಾಲಿನ ಗಟ್ಟಿ ಕಲ್ಲಿನಲ್ಲಿ ಸುರಂಗ ಕೊರೆಯಲು ಚಳಿಗಾಲದಲ್ಲಿ ಹಿಮದ ಅಡಿಯಲ್ಲಿಯೇ ದಾರಿ ಮಾಡಿಕೊಂಡು ಓಡಾಡಿದ ಅವರು, 1867ರ ಜೂನ್‌ನಲ್ಲಿ ಬಿಳಿಯರಷ್ಟೇ ಕೂಲಿ ಬೇಕೆಂದು ಕೆಲಸ ನಿಲ್ಲಿಸಿದಾಗ, ಕಂಪನಿಯು ಆಹಾರ ಸರಬರಾಜನ್ನೇ ತಡೆದು ಕೆಲವೇ ದಿನಗಳಲ್ಲಿ ಮುಷ್ಕರವನ್ನು ಮುರಿಯಿತು. 1869ರ ಮೇ 10ರಂದು ಎರಡು ಕಡೆಯ ಹಳಿಗಳು ಕೂಡಿದವು. 1882ರಲ್ಲಿ ಚೀನೀ ಕೂಲಿಕಾರರ ಪ್ರವೇಶವನ್ನೇ ನಿಷೇಧಿಸುವ ಕಾನೂನು ಬಂತು. ಅದು 1943ರವರೆಗೆ, ಅಂದರೆ ಫರ್ಮಿಯವರ ಪ್ರಯೋಗ ನಡೆದ ದಿನವೂ, ಜಾರಿಯಲ್ಲಿತ್ತು.

ಉತ್ತರ 2: ಭಟ್ಕಳದ ಓದುಗ

ಶಿರಸಿಯವರ ಮಾತಿಗೆ ನಮ್ಮ ಕರಾವಳಿಯದೇ ಒಂದು ಜೋಡಿಯಿದೆ. ವಿಜಯನಗರವೂ ತನ್ನ ಕಾಲದ ಮಹಾಶಕ್ತಿಯೇ, ಅದರ ಅಶ್ವದಳ ನಿಂತಿದ್ದದ್ದು ಸಮುದ್ರ ದಾಟಿ ಬಂದ ಕುದುರೆಗಳ ಮೇಲೆ. ಅರೇಬಿಯಾ, ಹೊರ್ಮುಜ್‌ಗಳಿಂದ ಅವು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಹೊನ್ನಾವರವೂ ಸೇರಿದ್ದವು. ಅರಬ್ ವರ್ತಕರ ನಂಟನ್ನು ನಮ್ಮ ನವಾಯತರು ಇಂದಿಗೂ ಹೇಳಿಕೊಳ್ಳುತ್ತಾರೆ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನೂನಿಜ್ ಒಂದು ಸ್ವಾರಸ್ಯದ ಸಂಗತಿ ಬರೆದಿಟ್ಟಿದ್ದಾನೆ: ವಿಜಯನಗರದ ಅರಸ ಸಾಳುವ ನರಸಿಂಹನು ಸಾವಿರ ಪರ್ದಾವಿಗೆ (ಆಗಿನ ಚಿನ್ನದ ನಾಣ್ಯ) ಮೂರರಂತೆ, ಬದುಕಿದ್ದರೂ ಸತ್ತಿದ್ದರೂ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ, ಹಡಗಿನಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತಂತೆ. ಬಾಲದ ವ್ಯವಹಾರದಲ್ಲಿ ಎಷ್ಟು ಮೋಸ ನಡೆದಿರಬಹುದೋ ದೇವರೇ ಬಲ್ಲ. ಅದೇನೇ ಇರಲಿ, ಕಡಲಿನ ಅಪಾಯದ ಹೊರೆಯನ್ನು ಅರಸನು ತಾನು ಹೊತ್ತುಕೊಂಡ. ಸಿಯೆರಾ ಬೆಟ್ಟದಲ್ಲಿ ಅಪಾಯದ ಹೊರೆಯೆಲ್ಲ ಕೂಲಿಯವನ ತಲೆಯ ಮೇಲೆಯೇ ಇತ್ತು. ಹೊರಗಿನವರು ಎಷ್ಟು ಕೊಟ್ಟರೆಂದು ಕೇಳುವಾಗ, ಯಾವ ಕರಾರಿನ ಮೇಲೆ ಕೊಟ್ಟರೆಂದೂ ಮಕ್ಕಳು ಕೇಳಲಿ.

ಉತ್ತರ 3: ಯಲ್ಲಾಪುರದಿಂದ

ಒಂದು ತಿದ್ದುಪಡಿ. ವರ್ತಕನು ಬೆಲೆ ಪಡೆದ, ಸರಿ. ಅದೇ ಪಶ್ಚಿಮ ಕರಾವಳಿಗೆ ಗುಲಾಮರನ್ನಾಗಿ ಆಫ್ರಿಕನ್ನರನ್ನೂ ತಂದಿಳಿಸಿದರು, ಅಂಥವರ ವಂಶದ ಸಿದ್ದಿಗಳು ನಮ್ಮ ಕಾಡಿನ ಊರುಗಳಲ್ಲಿದ್ದಾರೆ. ಅವರ ಮುಂದೆ ಕರಾರೆಂಬ ಮಾತೇ ಬರಲಿಲ್ಲ. ಆಫ್ರಿಕನ್ ಗುಲಾಮರು ದುಡಿದು ಬೆಳೆದ ಅಮೆರಿಕದ ದಕ್ಷಿಣದ ಹತ್ತಿಯ ಸಂಪತ್ತಿನ ಕಥೆಯೂ ಇದೇ. ಇಂಥ ಗುಲಾಮರನ್ನು "ವಲಸಿಗರು" ಎಂದು ಬರೆಯಬೇಡಿರೆಂದು ಮಕ್ಕಳಿಗೆ ಹೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಭಾಷಣಕ್ಕೆ ಇರುವುದು ನಾಲ್ಕೇ ನಿಮಿಷವಾದ್ದರಿಂದ ಬೆಥೆಯವರನ್ನು ಕೈಬಿಟ್ಟು ರೈಲಿನವರನ್ನು ಸೇರಿಸಿದ್ದೇವೆ. ಕುದುರೆಯ ಬಾಲವನ್ನು ಮಾತ್ರ ಬಿಡುವುದಿಲ್ಲವೆಂದು ಆ ಹುಡುಗಿ ಹಠ ಹಿಡಿದಿದ್ದಾಳೆ.